ದಿನಗೂಲಿ

ಅಬರ್ಡೀನಿನ ಕಾರ್ಮಿಕ ನ್ಯಾಯಮಂಡಳಿಯಲ್ಲಿ
ಹದಿನಾರು ವರ್ಷದಿಂದ ನಾನು ಗುಮಾಸ್ತೆ.
ಕಡತಕ್ಕೆ ದಾರ ಕಟ್ಟುವುದು, ಸಾಕ್ಷಿಗೆ ನೀರು ಕೊಡುವುದು,
ಯಾರ ಪರವೂ ಇರದೆ ಇರುವುದು ನನ್ನ ಕೆಲಸ.

ಇವತ್ತಿನ ಅರ್ಜಿದಾರ ಸ್ಟ್ರೂವನ್ ಗೆಡ್ಡಿಸ್,
ಸಮುದ್ರದ ಮುಳುಗುಗಾರ.
ದಿನಕ್ಕೆ ಸಾವಿರದ ಐನೂರು ಪೌಂಡು.
ಕಂಪನಿಯ ವಕೀಲೆ ಆ ಅಂಕಿಯನ್ನು
ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡವಳಂತೆ
ನಿಧಾನ ಓದಿದಳು, ಎರಡು ಸಲ.
ಮನಸ್ಸಲ್ಲೇ ಲೆಕ್ಕ ಹಾಕಿದೆ ನಾನೂ, ಸುಳ್ಳೇಕೆ:
ಅವನ ಒಂದು ದಿನ, ನನ್ನ ಎರಡು ತಿಂಗಳ ಬಾಡಿಗೆ.
ಇಷ್ಟು ಎಣಿಸಿಕೊಂಡವನಿಗೆ
ಇನ್ನೆಂಥ ನ್ಯಾಯ ಬಾಕಿ ಅಂದುಕೊಂಡೆ.

"ನೀವು ಸ್ವತಂತ್ರ ಗುತ್ತಿಗೆದಾರರು, ಹೌದೇ?"
"ಕಾಗದದಲ್ಲಿ."
"ಸಹಿ ನಿಮ್ಮದೇ?"
"ನನ್ನದೇ."
"ನಿಮ್ಮ ಹೆಸರಲ್ಲೇ ಒಂದು ಕಂಪನಿ. ನಿರ್ದೇಶಕರೂ ನೀವೇ."
"ಹೆಂಡತಿ ಕಾರ್ಯದರ್ಶಿ" ಅಂದ. ಹಿಂದೆ ಯಾರೋ ನಕ್ಕರು.

ಆಮೇಲೆ, ಕೇಳದಿದ್ದರೂ, ಹೇಳಿದ:
ಇಪ್ಪತ್ತೆಂಟು ದಿನ ಉಕ್ಕಿನ ಡಬ್ಬಿಯೊಳಗೆ ವಾಸ,
ಉಸಿರಿಗೆ ಹೀಲಿಯಂ, ಗಂಟಲಿಗೆ ಬಾತುಕೋಳಿಯ ದನಿ.
ಮಗಳ ಹುಟ್ಟುಹಬ್ಬಕ್ಕೆ ಫೋನಲ್ಲಿ ಹಾಡಿದರೆ
ಇದು ಅಪ್ಪ ಅಲ್ಲ ಅಂತ ಅತ್ತಳಂತೆ.
ನೂರ ನಲವತ್ತು ಮೀಟರ್ ಕೆಳಗೆ, ಕತ್ತಲಲ್ಲಿ,
ಬೆನ್ನಿಗೆ ಒಂದು ಬಳ್ಳಿ.
ಅದರೊಳಗೇ ಗಾಳಿ ಬರುತ್ತದೆ, ಮೈಗೆ ಬಿಸಿನೀರು ಬರುತ್ತದೆ,
ಬೆಳಕು ಬರುತ್ತದೆ,
ಅಪ್ಪಣೆ ಬರುತ್ತದೆ.
"ಹೊಕ್ಕುಳಬಳ್ಳಿ ಅಂತೀವಿ ನಾವು ಅದಕ್ಕೆ.
ಮೇಡಂ, ಸ್ವತಂತ್ರನಿಗೆ ಹೊಕ್ಕುಳಬಳ್ಳಿ ಇರುತ್ತದೆಯೇ?"

ವಕೀಲೆ ಪುಟ ತಿರುವಿದಳು.

ಮಾರ್ಚಿಯ ಒಂದು ರಾತ್ರಿ ಬಿಸಿನೀರು ನಿಂತಿತು,
ಹನ್ನೊಂದು ನಿಮಿಷ.
ಮೇಲೆ ಬಂದವನು ಬರೆದುಕೊಟ್ಟ:
ಪಂಪು ಸರಿಯಿಲ್ಲ, ಇದು ಎರಡನೆಯ ಸಲ.
ಯಾರೂ ಬೈಯಲಿಲ್ಲ. ಯಾರೂ ತೆಗೆದುಹಾಕಲಿಲ್ಲ.
ಫೋನು ಬರಲಿಲ್ಲ, ಅಷ್ಟೆ.
ಏಪ್ರಿಲಿನಲ್ಲಿ ಬರಲಿಲ್ಲ, ಮೇಯಲ್ಲಿ ಬರಲಿಲ್ಲ,
ಜೂನಿನಲ್ಲಿ ಬಂತು, ಯಾರೋ ಕಿಟಕಿ ಮಾರುವವನು.
"ಕರೆಯದಿರುವುದು ವಜಾ ಅಲ್ಲವಲ್ಲ" ಅಂದಳು ವಕೀಲೆ,
ಸೌಮ್ಯವಾಗಿಯೇ.

ಕಾಸಿಗೆ ತಕ್ಕ ಕಜ್ಜಾಯ, ಸರಿ.
ಇಷ್ಟು ದೊಡ್ಡ ಕಾಸಿನಲ್ಲಿ
ಬಾಯಿ ಮುಚ್ಚಿಕೊಳ್ಳುವುದೂ ಸೇರಿತ್ತೇ?
ಕರಾರನ್ನು ತೆಗೆದು ಹುಡುಕಿದೆ,
ಅದು ನನ್ನ ಕೆಲಸವಲ್ಲದಿದ್ದರೂ.
ಎಪ್ಪತ್ತೊಂದು ಪುಟ.
ದಂಡದ ಬಗ್ಗೆ ಇತ್ತು, ಗೌಪ್ಯತೆಯ ಬಗ್ಗೆ ಇತ್ತು,
ಅವನ ಶವವನ್ನು ದಡಕ್ಕೆ ತರುವ ಖರ್ಚು
ಯಾರದೆಂಬ ಬಗ್ಗೆಯೂ ಇತ್ತು.
ಅದೊಂದು ಇರಲಿಲ್ಲ.

ವಿರಾಮದಲ್ಲಿ ಟೀ ಯಂತ್ರದ ಮುಂದೆ
ನಾಣ್ಯ ಅವನ ಬೆರಳಿಂದ ಮೂರು ಸಲ ಜಾರಿತು.
"ಆ ಹನ್ನೊಂದು ನಿಮಿಷ ಇನ್ನೂ ಮುಗಿದಿಲ್ಲ" ಅಂದ, ಕೈ ನೋಡಿಕೊಳ್ಳುತ್ತ.
ನೆಲದಿಂದ ಹೆಕ್ಕಿ ನಾನೇ ಯಂತ್ರಕ್ಕೆ ಹಾಕಿದೆ.
ಐವತ್ತು ಪೆನ್ನಿ. ಇಷ್ಟಕ್ಕೆ
ಪಕ್ಷ ವಹಿಸಿದೆ ಅನ್ನುವವರು ಅನ್ನಲಿ.

ತೀರ್ಪು ಕಾದಿರಿಸಲಾಗಿದೆ.
ಸಂಜೆ ಅವನ ಅರ್ಜಿಯನ್ನು ಕಟ್ಟಿಡುವಾಗ ಕಂಡೆ:
ಸಂಭಾವನೆಯ ಬಗೆ ಎಂದು ಕೇಳಿದ ಜಾಗದಲ್ಲಿ
ಗೆರೆ ದಾಟಿದ, ಸೊಟ್ಟ, ದೊಡ್ಡ ಅಕ್ಷರ,
ಎರಡು ಕೈಯಲ್ಲಿ ಪೆನ್ನು ಹಿಡಿದು ಬರೆದಂತೆ:
ದಿನಗೂಲಿ.