ಮೂರನೇ ಬಾವಿಯ ಹಾಳೆ

ನೆಬ್ರಾಸ್ಕದ ಈ ಊರಿಗೆ ನಾನೂರ ಹನ್ನೆರಡು ಬಾಯಿ,
ಮೂರು ಬಾವಿ, ನಾನೊಬ್ಬಳು.
ಚಳಿಗಾಲಕ್ಕೆ ರಸ್ತೆಯ ಹಿಮ ತಳ್ಳುವವಳೂ ನಾನೇ,
ಸತ್ತ ನಾಯಿ ಎತ್ತುವವಳೂ.

ತಿಂಗಳ ಮೊದಲ ಮಂಗಳವಾರ
ಶಾಲೆಯ ಹಿಂದಿನ ನಲ್ಲಿಯ ಮೂತಿಗೆ ಬೆಂಕಿ ತೋರಿಸಿ,
ಐದು ನಿಮಿಷ ನೀರನ್ನು ಸುಮ್ಮನೆ ಹರಿಯಬಿಟ್ಟು
ಸೀಸೆ ಹಿಡಿಯುತ್ತೇನೆ. ಮುಚ್ಚಳದ ಒಳಮೈ ಮುಟ್ಟುವಂತಿಲ್ಲ,
ಉಸಿರು ತಾಕುವಂತಿಲ್ಲ.
ಇಷ್ಟು ಮಡಿ ನನ್ನ ಅಡುಗೆಮನೆಗೂ ಇಲ್ಲ.

ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು ಅದು ಲಿಂಕನ್‌ಗೆ ಹೋಗುತ್ತದೆ.
ವಾರಕ್ಕೆ ಕಾಗದ. ಕ್ರಿಮಿ: ಇಲ್ಲ. ಇಲ್ಲ. ಇಲ್ಲ.
ಹದಿನೆಂಟು ವರ್ಷ ನಾನು ದುಡಿದದ್ದು
ಈ ಒಂದು ಮಾತಿಗೆ.
ಫೈಲಿಗೆ ಸೇರಿಸಿ ಕಾಫಿ ಕುಡಿಯುತ್ತೇನೆ,
ಅದೇ ನೀರಿನದು.

ನೈಟ್ರೇಟಿನದು ಬೇರೆ ಹಾಳೆ.
ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ನಾಲಿಗೆಗೆ ಸುಳಿವಿಲ್ಲ.
ಎಳೆಗೂಸಿನ ತುಟಿಗೆ ಗೊತ್ತಾಗುತ್ತದಂತೆ,
ನೀಲಿಗಟ್ಟಿ.
ಮೂರನೇ ಬಾವಿ: ಆರೂವರೆ. ಏಳು. ಎಂಟೂ ಚಿಲ್ಲರೆ.
ಈ ವಸಂತ ಒಂಬತ್ತು ಪಾಯಿಂಟ್ ನಾಲ್ಕು.
ಹತ್ತು ದಾಟುವವರೆಗೆ ಕಾನೂನಿಗೆ ನಿದ್ದೆ.

ಬೇಲಿಯಾಚೆ ಭಾವ ಎಲ್ಡನ್‌ನ ಮೆಕ್ಕೆಜೋಳ.
ಗೊಬ್ಬರದ ಬಿಳಿ ಟ್ಯಾಂಕು ಎಳೆದುಕೊಂಡು ಬರುತ್ತಾನೆ, ಕೈ ಬೀಸುತ್ತಾನೆ.
ನಾನೂ ಬೀಸುತ್ತೇನೆ. ಹಬ್ಬದೂಟ ಅವನ ಮನೆಯಲ್ಲೇ.
ಅವನಪ್ಪನೂ ಸುರಿದಿದ್ದ, ನನ್ನಪ್ಪನೂ.
ಈಗ ಕೆಳಗಿಳಿದು ಬಂದದ್ದು ಯಾರ ಕಾಲದ್ದೋ,
ನೀರು ಹೆಸರು ಹೇಳುವುದಿಲ್ಲ.

ನಿನ್ನೆ ಕಚೇರಿಗೆ ನೊಹೆಮಿ ಬಂದಳು,
ಮಾಂಸದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ. ಬೂಟು ಇನ್ನೂ ಒದ್ದೆ.
ಎದೆಗೆ ಕಟ್ಟಿದ ಬಟ್ಟೆಯೊಳಗೆ ಏಳು ವಾರದ ಕೂಸು.
"ಹಾಲಿನ ಪುಡಿಗೆ. ಚೆನ್ನಾಗಿ ಕುದಿಸಿದರೆ ಆಯಿತಲ್ಲ?"
ಗ್ವಾಟೆಮಾಲದಲ್ಲಿ ಅವಳಜ್ಜಿ ಕಲಿಸಿದ್ದು ಅದು. ನನ್ನಜ್ಜಿಯೂ.
"ಕುದಿಸಬೇಡ" ಎಂದೆ. "ನೀರು ಆವಿಯಾಗುತ್ತದೆ,
ಅದು ಅಲ್ಲೇ ಉಳಿದು ಗಟ್ಟಿಯಾಗುತ್ತದೆ."
"ಹಾಗಾದರೆ ನೀರು ಕೆಟ್ಟಿದೆಯೇ?"
"ಕಾನೂನಿನ ಪ್ರಕಾರ ಒಳ್ಳೆಯದು."
ಉಳಿದ ಮಾತು ಬರಲೆಂದು
ನನ್ನ ಬಾಯಿಯನ್ನೇ ನೋಡುತ್ತ ನಿಂತಳು.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಈ ಕೂಸಿಗೆ ಇನ್ನೂ ಹಲ್ಲೇ ಬಂದಿಲ್ಲ.

ಮೇಜಿನ ಕೆಳಗೆ ಅಂಗಡಿ ನೀರಿನ ಎರಡು ಕ್ಯಾನ್.
ಈಸ್ಟರಿಗೆ ಮೊಮ್ಮಗಳನ್ನು ಕರೆತರುತ್ತಾರೆಂದು
ಯಾರಿಗೂ ಹೇಳದೆ ತರಿಸಿಟ್ಟಿದ್ದೆ.
ಕಾರಿನವರೆಗೆ ಹೊತ್ತುಕೊಟ್ಟೆ. ಇದು ನಿನ್ನ ಹತ್ತಿರ ಏಕಿತ್ತು
ಎಂದು ಅವಳು ಕೇಳಲಿಲ್ಲ.

ಒಳಗೆ ಬಂದು ಮೂರನೇ ಬಾವಿಯ ಹಾಳೆಯನ್ನು
ನೋಟಿಸು ಬೋರ್ಡಿಗೆ ಹಚ್ಚಿದೆ. ಪಿನ್ನು ಸಾಲದೆ
ನಾಯಿ ಲೈಸೆನ್ಸಿನ ಚೀಟಿಯಿಂದ
ಒಂದು ಕಿತ್ತುಕೊಂಡೆ.