ಸೊಟ್ಟ ಕಾಲ್ಮಣೆ

ನಾನು ದೋಣಿ ಕಟ್ಟುವವನು. ಕಾಲಿಮ್ನೋಸ್ ದ್ವೀಪದ ಬಂದರಿನಲ್ಲಿ
ನನ್ನ ಮೂಲೆಮಟ್ಟವನ್ನು ಸುಳ್ಳು ಎಂದವರಿಲ್ಲ.
ಎವ್ಲಾಂಬಿಯಾಳ ಚಿತ್ರಗಳಿಗೆ ಹಲಗೆ ಕೊಡುವುದೂ ನಾನೇ:
ಏಳು ಚಳಿಗಾಲ ಒಣಗಿದ ಸೈಪ್ರಸ್, ಗಂಟಿಲ್ಲದ್ದು,
ಬೆನ್ನಿಗೆ ಎರಡು ಅಡ್ಡಪಟ್ಟಿ, ಬಾಗದ ಹಾಗೆ.
ಅದರ ಮೇಲೆ ಅವಳು ನಾರುಬಟ್ಟೆ ಅಂಟಿಸಿ
ಸೀಮೆಸುಣ್ಣ ಬಳಿಯುತ್ತಾಳೆ, ಉಜ್ಜುತ್ತಾಳೆ, ಮತ್ತೆ ಬಳಿಯುತ್ತಾಳೆ,
ನನ್ನ ಮರ ಮಾಯವಾಗುವ ತನಕ.

ಅದಕ್ಕೆ ಬೇಸರವಿಲ್ಲ. ದೋಣಿಯ ತಳವನ್ನು ಯಾರು ನೋಡುತ್ತಾರೆ?
ನನ್ನ ಜಗಳ ಕಾಲ್ಮಣೆಯದು.

ತಾಯಿಯ ಪಾದದ ಕೆಳಗೆ ಅವಳು ಬರೆದದ್ದು:
ಮುಂದಿನ ಅಂಚು ಒಂದು ಗೇಣು,
ಹಿಂದಿನದು ಗೇಣಿನ ಮೇಲೆ ನಾಲ್ಕು ಬೆರಳು.
ದೂರ ಹೋದದ್ದು ಕಿರಿದಾಗಬೇಕು ತಾನೆ?
ಈಸ್ಟರ್ ಕಳೆದು ಸ್ಪಂಜಿಗೆ ಹೊರಟ ನನ್ನ ತಮ್ಮ ಥೆಮೆಲಿಸ್
ಕೈ ಬೀಸುತ್ತ ಬೀಸುತ್ತ ಸಾಸಿವೆ ಕಾಳಾಗಲಿಲ್ಲವೆ?
"ಇದು ತಪ್ಪು," ಎಂದೆ. "ಇದರ ಮೇಲೆ ಕೋಳಿಯೂ ನಿಲ್ಲದು."

ಅವಳು ತಲೆ ಎತ್ತಲಿಲ್ಲ. ಮೊಟ್ಟೆಯ ಹಳದಿಯನ್ನು
ಅಂಗೈಯಿಂದ ಅಂಗೈಗೆ ಉರುಳಿಸುತ್ತಿದ್ದಳು, ಲೋಳೆಯೆಲ್ಲ ಬಿಡುವ ತನಕ.
ಪೊರೆಯನ್ನು ಚಿವುಟಿ ಹಿಡಿದು, ಚುಚ್ಚಿ, ವಿನೆಗರ್ ನಾಲ್ಕು ಹನಿ.
"ನಿನ್ನ ಮೂಗು ಸಾಕಷ್ಟು ಉದ್ದ ಇದೆ,
ಚಿತ್ರದೊಳಕ್ಕೆ ತೂರಿಸಬೇಡ. ಆಚೆ ಕೂತುಕೋ."

ಕೂತೆ. ಕೆಲಸ ನೋಡುವುದು ನನಗೂ ಇಷ್ಟ.
ಚಿನ್ನದ ಜಾಗಕ್ಕೆ ಕೆಂಪು ಜೇಡಿ ಬಳಿದಿತ್ತು.
ಬಾಯಿ ಅಗಲಿಸಿ ಅದರ ಮೇಲೆ ಉಸಿರು ಬಿಟ್ಟಳು,
ಊದಲಿಲ್ಲ, ಚಳಿಗೆ ಕೈ ಬೆಚ್ಚಗಾಗಿಸುವ ಹಾಗೆ, ಹಾ...
ಆ ತೇವಕ್ಕೆ ರೇಕು ತಾನೇ ಹಾರಿ ಕೂತಿತು.
ಅದು ಆಕಾಶವಲ್ಲ, ಎಂದಳು, ಗೋಡೆಯೂ ಅಲ್ಲ.
ಅಲ್ಲಿ ಹೊತ್ತು ಮುಳುಗುವುದಿಲ್ಲ. ಯಾರ ನೆರಳೂ ಬೀಳುವುದಿಲ್ಲ.

ಮುಖ ಮೊದಲು ಕಪ್ಪು. ಕಪ್ಪಲ್ಲ, ಹಳೆಯ ಆಲಿವ್ ಎಣ್ಣೆಯ ಮಡ್ಡಿ.
ಅದರ ಮೇಲೆ ಮಣ್ಣಿನ ಬಣ್ಣ, ಅದರ ಮೇಲೆ ಇನ್ನಷ್ಟು ತಿಳಿಯಾದದ್ದು,
ಕೊನೆಗೆ ಕೆನ್ನೆಯ ಏಣಿಗೆ ಕೂದಲೆಳೆಯ ನಾಲ್ಕು ಬಿಳಿ ಗೀರು.
ನಾನು ಕೆತ್ತಿ ಕೆತ್ತಿ ತೆಗೆಯುವವನು;
ಇವಳು ಕತ್ತಲಿನಿಂದ ಬೆಳಕನ್ನು ಚೂರು ಚೂರೇ ಸಾಲ ತರುತ್ತಾಳೆ.
ಬಾಯಿ ಚಿಕ್ಕದು, ಮಾತು ಮುಗಿದವರದು.
ಕಣ್ಣು ಮಾತ್ರ ದೊಡ್ಡದು.
ಹಣೆಗೊಂದು, ಹೆಗಲಿಗೊಂದೊಂದು ನಕ್ಷತ್ರ.
ಮಗುವಿನ ಒಂದು ಚಪ್ಪಲಿ ಪಟ್ಟಿ ಕಳಚಿ ಜೋತಿತ್ತು.
"ಓಡಿ ಬಂದು ಅಮ್ಮನನ್ನು ತಬ್ಬಿದ್ದಾನೆ," ಎಂದಳು.
ಏನು ಕಂಡು? ಕುಂಚದ ತುದಿಯಿಂದ ಮೇಲೆ ತೋರಿಸಿದಳು:
ಮೂಲೆಯಲ್ಲೊಬ್ಬ ದೇವದೂತ, ಬಟ್ಟೆ ಮುಚ್ಚಿದ ಕೈಯಲ್ಲಿ ಶಿಲುಬೆ,
ಕೂಸಿಗೆ ಆಟಿಕೆ ತಂದವನ ಹಾಗೆ.

ಅಕ್ಟೋಬರಿನಲ್ಲಿ ದೋಣಿ ಬಂತು. ಐವರು ಹೋಗಿದ್ದರು, ನಾಲ್ವರು ಇಳಿದರು.

ನಲವತ್ತನೆಯ ದಿನ ಇಗರ್ಜಿಯಲ್ಲಿ
ಬೇಯಿಸಿದ ಗೋಧಿಯ ಬಟ್ಟಲು ತೊಡೆಯ ಮೇಲಿಟ್ಟು ಕೂತಿದ್ದೆ.
ಪಾದ್ರಿಯ ಮಂತ್ರ ಕಿವಿಗೆ ಬೀಳಲಿಲ್ಲ. ಕಣ್ಣು ಕಾಲ್ಮಣೆಗೆ ಹೋಯಿತು, ಕಸುಬಿನ ಚಟ.
ಅದರ ಎರಡು ಅಂಚಿಗೆ ಮನಸ್ಸಿನಲ್ಲೇ ನೂಲು ಹಿಡಿದೆ.
ಒಳಗೆ ಎಲ್ಲೂ ಸೇರಲಿಲ್ಲ ಅವು. ಹೊರಗೆ ಬಂದವು,
ಹಲಗೆ ದಾಟಿ, ಮೇಣದ ಬತ್ತಿಗಳನ್ನು ದಾಟಿ,
ನನ್ನ ಅಂಗಿಯ ಎರಡನೆಯ ಗುಂಡಿಯ ಹತ್ತಿರ ಗಂಟು ಬಿದ್ದವು.
ದೂರ ಹೋದದ್ದು ಅಲ್ಲಿ ಕಿರಿದಾಗುವುದಿಲ್ಲ.
ಕಿರಿದಾಗಿ ಕೂತವನು ನಾನು.

ಎವ್ಲಾಂಬಿಯಾಗೆ ಹೇಳಲಿಲ್ಲ. ಸೊಕ್ಕು ಬಂದೀತು.

ಉಳಿದ ತುಂಡಿನಲ್ಲಿ, ಮೂಲೆಮಟ್ಟವನ್ನು ಗೂಟಕ್ಕೆ ತೂಗುಹಾಕಿ,
ಒಂದು ಕಾಲ್ಮಣೆ ಮಾಡಿದೆ. ಮುಂದೆ ಗೇಣು,
ಹಿಂದೆ ಗೇಣಿನ ಮೇಲೆ ನಾಲ್ಕು ಬೆರಳು.
ನಿಂತಿತು.
ಥೆಮೆಲಿಸನ ಮಗಳು ಸೆವಾಸ್ತಿ, ನಾಲ್ಕು ತುಂಬಿದೆ,
ಅದರ ಮೇಲೆ ಹತ್ತಿ ಕಿಟಕಿಯಿಂದ ಬಂದರು ನೋಡುತ್ತಾಳೆ.
ಒಂದು ಕಾಲಿಗೆ ಚಪ್ಪಲಿ ಇದೆ.
ಇನ್ನೊಂದನ್ನು ನಾನು
ಮಂಚದ ಕೆಳಗೆ ಬಗ್ಗಿ ಹುಡುಕುತ್ತಿದ್ದೇನೆ.