ಹೂವಿಲ್ಲದ ಗೆಡ್ಡೆ

ನೀರಿನ ಪೈಪಿಗೆ ಕಾಲುವೆ ತೋಡುವಾಗ
ಮೊಣಕಾಲಷ್ಟು ಆಳದಲ್ಲಿ ಸಿಕ್ಕಿತು.
ನವೆಂಬರು. ಕಾಮೀಸ್‌ಬರ್ಗಿನ ಇಳಿಜಾರಲ್ಲಿ
ಆಡಿನ ಬಾಯಿಗೆ ಸಿಗದೆ ಉಳಿದದ್ದು ಕಲ್ಲು ಮಾತ್ರ.
ಎಲೆಯಿಲ್ಲ, ತೊಟ್ಟಿಲ್ಲ, ಒಂದು ಕುರುಹಿಲ್ಲ;
ಎಳೆಗೂಸಿನ ತಲೆಯಷ್ಟು ದಪ್ಪ,
ಮೇಲೆ ಕಂದು ಸಿಪ್ಪೆ, ಮಡಿಸಿ ಮಡಿಸಿ ಸವೆದ ಕಾಗದದ ಹಾಗೆ,
ಗುದ್ದಲಿ ತಾಗಿದಲ್ಲಿ ಬೆಳ್ಳಗೆ, ಲೋಳೆ ಲೋಳೆ.

ಅಪ್ಪ ಅದನ್ನು ಎರಡೂ ಕೈಲಿ ಎತ್ತಿದ.
ಅಪ್ಪ ಎಲ್ಲವನ್ನೂ ಎರಡೂ ಕೈಲೇ ಎತ್ತುತ್ತಾನೆ.

"ಈರುಳ್ಳಿ ಜಾತಿ," ಅಂದ ಮೇಸ್ತ್ರಿ.
"ಡಿರ್ಕ್, ಮನೆಗೆ ಒಯ್ಯಿ, ಸೂಪಿಗಾಯಿತು," ಅಂದ ಫ್ಲೋರಿಸ್.
ನಗು ಮುಗಿಯುವ ಮೊದಲೇ
ಅಪ್ಪ ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತಿದ್ದ,
ಆಮೇಲೆ ಕತ್ತೆಗಾಡಿಯ ಹಲಗೆಗೆ,
ಆಮೇಲೆ ತನ್ನದೇ ಗಡ್ಡಕ್ಕೆ. ಅದು ತಪ್ಪಾಯಿತು.

ತೊಳೆದರೆ ಹೆಚ್ಚಾಯಿತು. ವಾರಕ್ಕೆರಡು ಡ್ರಮ್ಮು ನೀರು,
ಅದರಲ್ಲಿ ಕಾಲು ಡ್ರಮ್ಮು ಒಂದು ಜೊತೆ ಕೈಗೆ.
ಕಣ್ಣಿಗೆ ಏನೂ ಕಾಣದು. ಮುಳ್ಳಿಲ್ಲ, ಗುಳ್ಳೆಯಿಲ್ಲ.
ಗಾಜಿನ ಪುಡಿಯೊಳಗೆ ಕೈಯಿಟ್ಟಂತೆ, ಅಂದ.
ಇಲ್ಲ, ಕೈಯೊಳಗೇ ಯಾರೋ ಹೊಲಿಯುತ್ತಿರುವಂತೆ,
ದಾರವಿಲ್ಲದ ಸೂಜಿಯಲ್ಲಿ.

ಸಾರ್ಕಿ ಅತ್ತೆಗೆ ಕಣ್ಣಿಗೆ ಪೊರೆ ಬಂದು ಆರು ವರ್ಷ.
ಗೆಡ್ಡೆ ಮುಂದಿಟ್ಟರೆ ಮುಖ ತಿರುಗಿಸಿದಳು.
"ಅದನ್ನೇನು ತೋರಿಸ್ತೀರಿ, ಕೈ ಕೊಡು ಇಲ್ಲಿ.
ಮುಟ್ಟಿದ ತಕ್ಷಣ ಹತ್ತಿತೋ,
ಒಂದು ಲೋಟ ಚಹಾ ಆರುವಷ್ಟು ಹೊತ್ತಾಯಿತೋ?
ಬೆರಳ ಸಂದಿಯಲ್ಲೋ, ಮಣಿಕಟ್ಟಿನ ಒಳಮಗ್ಗುಲಲ್ಲೋ?"
ಅಪ್ಪ ಒಂದೊಂದಕ್ಕೂ ಶಾಲೆಯ ಹುಡುಗನಂತೆ ಉತ್ತರ ಕೊಟ್ಟ.
ಕುರಿಬಾಲದ ಕೊಬ್ಬು ಕರಗಿಸಿ, ಬೂದಿ ಕಲಸಿ
ಬಳಿಯುತ್ತ ಅವಳೊಂದು ಹೆಸರು ಹೇಳಿದಳು,
ನಮ್ಮ ಮಾತಲ್ಲಿ ತುರಿಕೆಗೂ ಗೆಡ್ಡೆಗೂ ಗಂಟು ಹಾಕಿದ ಪದ.
ಈ ಬೆಟ್ಟದಲ್ಲಿ ಐದಾರು ಗೆಡ್ಡೆಗೆ ಅದೇ ಹೆಸರು.
"ಅದರಲ್ಲಿ ಯಾವುದು?" ಕೇಳಿದೆ.
"ತುರಿಸುವುದು," ಅಂದಳು.

ಗಾರೀಸಿನ ಪೆಟ್ರೋಲ್ ಬಂಕಿನಲ್ಲಿ ನಾನು ಲೆಕ್ಕ ಬರೆಯುವವಳು.
ಗಿಡಗಳ ಮೇಡಂ ರೆನಾಟೆ ಟೈರಿಗೆ ಗಾಳಿ ತುಂಬಿಸಲು ನಿಂತಾಗ
ಫೋಟೋ ತೋರಿಸಿದೆ. ಕತ್ತು ಓರೆ ಮಾಡಿ ನೋಡಿದರು.
"ಬರೀ ಗೆಡ್ಡೆ ನೋಡಿ ಯಾರೂ ಹೇಳಲಾರರು.
ಹೂ ಬೇಕು. ಬಂದ ದಿನವೇ ಫೋನ್ ಮಾಡು.
ಎಲೆ ಒಣಗಿದ ಮೇಲೆ ಹೂವು, ಹೂವು ಹೋದ ಮೇಲೆ ಎಲೆ,
ಒಂದರ ಮುಖ ಒಂದು ನೋಡದ ಸಂಸಾರ."

ಹಸಿರು ಪೇಂಟಿನ ಖಾಲಿ ಡಬ್ಬಿಯಲ್ಲಿ ನೆಟ್ಟೆವು, ಕತ್ತು ಹೊರಗೆ.
ಅಮ್ಮ ಇದ್ದಿಲಿನಲ್ಲಿ ಡಬ್ಬಿಯ ಮೇಲೊಂದು ಕೈ ಬರೆದು
ಅಡ್ಡಗೀಟು ಎಳೆದಳು, ಮಕ್ಕಳಿಗೆ ತಿಳಿಯಲೆಂದು.
ಡಿಸೆಂಬರು. ಜನವರಿ. ಕೋಳಿ ಕೂಡ ಕೆದಕಲಿಲ್ಲ.
ಅಪ್ಪನ ಅಂಗೈ ಸುಲಿದು ಹೊಸ ಚರ್ಮ ಬಂತು,
ಗೆರೆಗಳು ಹಳೆಯವೇ.

ಫೆಬ್ರವರಿಯ ಕೊನೆಗೆ ಎದ್ದಿತು ಒಂದು ಕಡ್ಡಿ, ಬೆತ್ತಲೆ.
ಒಂದು ಮಧ್ಯಾಹ್ನ ನಾಲ್ಕಕ್ಕೆ ಹೂ ಬಿಟ್ಟಿತು:
ಬಿಳಿಯಲ್ಲ, ಕಂದಲ್ಲ, ಒಗೆದು ಒಗೆದು ಸೋತ ಬನಿಯನ್ನಿನ ಬಣ್ಣ.
ಸಿಗ್ನಲ್ ಸಿಗುವುದು ಗುಡ್ಡದ ತಲೆಯಲ್ಲಿ ಮಾತ್ರ.
ನಾನು ಹತ್ತಿ, ಕೂಗಿ, ಇಳಿದು ಬರುವಷ್ಟರಲ್ಲಿ ಕತ್ತಲು.
ಬೆಳಿಗ್ಗೆ ಎಲ್ಲ ಹೂವೂ ಮುಷ್ಟಿ ಮುಚ್ಚಿತ್ತು.
ಕೊನೆತನಕ ಕೂತಿದ್ದವಳು ಸಾರ್ಕಿ ಅತ್ತೆ,
ಡಬ್ಬಿಯ ಪಕ್ಕ ಕುಕ್ಕರಗಾಲಲ್ಲಿ, ಮೂಗು ಚಾಚಿ.
"ಹೇಗಿತ್ತು?"
"ಎರಡು ಜೇನು ಬಂದವು. ಒಂದು ಹೋಯಿತು."

ರೆನಾಟೆ ಎರಡು ದಿನ ತಡವಾಗಿ ಬಂದರು.
ಮುದುಡಿದ್ದನ್ನು ಬಿಚ್ಚಿ, ಲೆನ್ಸಿನಲ್ಲಿ ಎಣಿಸಿ,
ಚೀಟಿಯಲ್ಲಿ ಪೆನ್ಸಿಲಿನಿಂದ ಕುಲದ ಹೆಸರು ಬರೆದು
ಮುಂದೆ ಒಂದು ಪ್ರಶ್ನೆ ಚಿಹ್ನೆ ಇಟ್ಟರು.
ಗೆಡ್ಡೆಯ ಒಂದು ಪದರ ಕೊಯ್ದು ಹಳೆ ಪೇಪರಿನಲ್ಲಿ ಸುತ್ತಿದರು.
ಕೈಗವಸಿತ್ತು. ಎಡಗೈಯದರ ಹೆಬ್ಬೆರಳು ಹರಿದಿತ್ತು.
ನೋಡಿದೆ. ಹೇಳಲಿಲ್ಲ, ಯಾಕೋ.

ಮರುದಿನ ಬಂಕಿನ ಫೋನು.
ಮಾತಿನ ನಡುನಡುವೆ ಕೆರೆದುಕೊಳ್ಳುವ ಸದ್ದು.
"ನಿಮ್ಮತ್ತೆ ಹಚ್ಚಿದ್ದು ಏನು? ಕೊಬ್ಬು, ಆಮೇಲೆ?"
ಪೆನ್ಷನ್ನಿಗೆಂದು ಬಂದ ಅತ್ತೆ ನೆರಳಲ್ಲಿ ಕೂತಿದ್ದಳು.
"ಕೊಬ್ಬು ಇರಲಿ," ಅಂದಳು, ಫೋನಿನ ಕಡೆ ಕೈ ಚಾಚಿ,
"ಮೊದಲು ಕೇಳು. ಮುಟ್ಟಿದ ತಕ್ಷಣವೋ,
ಚಹಾ ಆರಿದ ಮೇಲೋ?"